ಕಾಫಿ ಮರದ ಹಿಡಿಯ ಸ್ವಿಚ್ಚು

ಮಳೆಗಾಲ ಕಳೆಯುತ್ತಾ ಬಂದ ಹಾಗೆ ನಾನು ಓದಿದ ಎಂಜಿನಿಯರಿಂಗ್ ಕಾಲೇಜಿನಿಂದ ಫೋನ್ ಬರುವುದು ರೂಢಿ. ಎಲೆಕ್ಟ್ರಿಕಲ್ ವಿಭಾಗದ ಕೊನೇ ವರ್ಷದ ಮಕ್ಕಳ ಜೊತೆ ಸ್ವಲ್ಪ ಹೊತ್ತು ಮಾತಾಡಬೇಕು, ಡಿಗ್ರಿ ಕೈಗೆ ಬರುವುದರೊಳಗೆ ಏನೇನು ಕಲಿತುಕೊಂಡಿರಬೇಕು ಅಂತ ಹೇಳಬೇಕು. ಕಂಬ, ತಂತಿ, ಟ್ರಾನ್ಸ್‌ಫಾರ್ಮರುಗಳ ನಡುವೆ ಓಡಾಡುವವರ ಬಾಯಿಂದ ಕೇಳಿದರೆ ಮಕ್ಕಳಿಗೆ ನಾಟುತ್ತದೆ ಎಂದು ಅಲ್ಲಿನ ಮೇಷ್ಟ್ರ ನಂಬಿಕೆ. ನಾನೂ ಖುಷಿಯಿಂದಲೇ ಹೋಗುತ್ತಿದ್ದೆ. ಡ್ರಾಯಿಂಗ್ ಓದುವುದನ್ನು ಕಲಿಯಿರಿ, ಮೀಟರ್ ಹಿಡಿಯುವುದನ್ನು ಕಲಿಯಿರಿ, ಕಂಪ್ಯೂಟರಿನಲ್ಲಿ ಸರ್ಕ್ಯೂಟ್ ಓಡಿಸಿ ನೋಡಿದ್ದು ಸಾಲದು, ಸ್ಕ್ರೂಡ್ರೈವರ್ ಹಿಡಿದು ಅಂಗೈ ಕೆಂಪಾಗಬೇಕು ಎನ್ನುತ್ತಿದ್ದೆ. ಕೊನೆಗೆ ಕಾಫಿ ಮರದ ಹಿಡಿ ಇರುವ ಒಂದು ಸ್ವಿಚ್ಚಿನ ಕಥೆ ಹೇಳುತ್ತಿದ್ದೆ. ಮಕ್ಕಳಿಗೆ ಉಳಿದದ್ದೆಲ್ಲಕ್ಕಿಂತ ಅದೇ ಇಷ್ಟ. ನನಗೂ ಅದೇ ಇಷ್ಟವಾಗಿತ್ತು.

ಆ ಕಥೆಯಲ್ಲಿ ಅರ್ಧ ಮಾತ್ರ ನನಗೆ ಗೊತ್ತಿತ್ತು ಎಂಬುದು ಈ ಮಳೆಗಾಲದಲ್ಲಿ ತಿಳಿಯಿತು.

ನಾನು ಮಾದಾಪುರದ ಕಡೆ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸರ್. ನಮ್ಮ ಲೈನುಗಳು ಹೋಗುವುದೆಲ್ಲ ಕಾಫಿ ಎಸ್ಟೇಟುಗಳ ಒಳಗಿಂದ, ನೆರಳಿಗೆ ಬೆಳೆಸಿದ ಸಿಲ್ವರ್ ಮರಗಳ ಸಂದಿಯಿಂದ. ಗಾಳಿ ಬೀಸಿದರೆ ಮರ ಬೀಳುತ್ತದೆ, ಮರ ಬಿದ್ದರೆ ಲೈನು ಹೋಗುತ್ತದೆ. ಕರೆಂಟಿಲ್ಲದೆ ದಿನಗಟ್ಟಲೆ ಇರಲಾಗದವರು ಜನರೇಟರ್ ಇಟ್ಟುಕೊಂಡಿದ್ದಾರೆ. ಹೋಂಸ್ಟೇಗಳು ಹೆಚ್ಚಾದ ಮೇಲಂತೂ ಗುಡ್ಡಕ್ಕೊಂದು ಜನರೇಟರಿನ ಸದ್ದು. ಲೈನ್‌ಮನ್‌ಗಳಿಗೆ ಭಯ ಇರುವುದು ಆ ಸದ್ದಿನಲ್ಲೇ.

ಜನರೇಟರ್ ಇರುವ ಮನೆಯಲ್ಲಿ ಚೇಂಜ್‌ಓವರ್ ಸ್ವಿಚ್ ಅಂತ ಒಂದು ಇರಬೇಕು. ಬಹಳ ಸರಳವಾದ ವಸ್ತು. ಹಿಡಿಯನ್ನು ಮೇಲಕ್ಕೆ ತಳ್ಳಿದರೆ ಮನೆಗೆ ಕಂಬದ ಕರೆಂಟು, ಕೆಳಕ್ಕೆ ಎಳೆದರೆ ಜನರೇಟರಿನದು. ಎರಡೂ ಒಂದಾಗಲು ಅದು ಬಿಡುವುದಿಲ್ಲ. ಅದಿಲ್ಲದೆ ಜನರೇಟರನ್ನು ಸೀದಾ ಮನೆಯ ವೈರಿಂಗಿಗೆ ಕೊಟ್ಟುಬಿಟ್ಟರೆ, ಮೇನ್ ಸ್ವಿಚ್ ಆರಿಸಲು ಮರೆತ ಒಂದು ದಿನ ಆ ಕರೆಂಟು ಮನೆಯೊಳಗೆ ನಿಲ್ಲದೆ ಹಿಂದಕ್ಕೆ, ಕಂಬಕ್ಕೆ ಹರಿಯುತ್ತದೆ. ಲೈನು ಆಫ್ ಆಗಿದೆ ಎಂದುಕೊಂಡು ತಂತಿಗೆ ಕೈ ಹಾಕಿದವರು ಅಲ್ಲಿರುತ್ತಾರೆ.

ಅದಕ್ಕೇ ನಾನು ಈ ಸೆಕ್ಷನ್ನಿಗೆ ಬಂದ ಮೇಲೆ ಒಂದು ಪದ್ಧತಿ ಹಾಕಿಕೊಂಡೆ. ಜನರೇಟರ್ ಇಟ್ಟ ಪ್ರತಿ ಮನೆಗೂ ಮಳೆಗೆ ಮುಂಚೆ ಹೋಗಿ ಆ ಸ್ವಿಚ್ಚನ್ನು ಕಣ್ಣಾರೆ ನೋಡುವುದು, ಹಿಡಿ ಎಳೆದು ತಳ್ಳಿ ಪರೀಕ್ಷೆ ಮಾಡುವುದು. ಹಾಕಿಸಿಲ್ಲದವರು ಯಾರ ಹತ್ತಿರ ಹಾಕಿಸಲಿ ಎಂದು ಕೇಳಿದರೆ ನಾನು ಒಬ್ಬನ ಹೆಸರು ಹೇಳುತ್ತಿದ್ದೆ.

ಅವನು ನನ್ನ ಲ್ಯಾಬ್ ಜೊತೆಗಾರ. ಕಾಲೇಜಿನಲ್ಲಿ ಒಂದು ಟೇಬಲ್ಲಿಗೆ ಇಬ್ಬರು. ಒಬ್ಬರು ಕನೆಕ್ಷನ್ ಕೊಟ್ಟರೆ ಇನ್ನೊಬ್ಬರು ಒಂದೊಂದೇ ವೈರ್ ಹಿಡಿದು ನೋಡಿ, ನೋಡಿದವರೇ ಸಪ್ಲೈ ಆನ್ ಮಾಡಬೇಕು ಎಂಬುದು ಅಲ್ಲಿನ ಕಟ್ಟುನಿಟ್ಟು. ನಾನು ಕೊಟ್ಟದ್ದನ್ನು ಅವನು ನೋಡುತ್ತಿದ್ದ. ಒಂದು ಕೈ ಬೆನ್ನ ಹಿಂದೆ ಇಟ್ಟುಕೋ, ಎರಡು ಕೈಯಲ್ಲೂ ಮುಟ್ಟಿದರೆ ಕರೆಂಟು ಎದೆ ದಾಟಿಕೊಂಡು ಹೋಗುತ್ತದೆ ಎಂದು ನನಗೆ ಹೇಳಿಕೊಟ್ಟವನೂ ಅವನೇ. ಇವತ್ತಿಗೂ ಪ್ಯಾನೆಲ್ ತೆರೆಯುವಾಗ ನನ್ನ ಎಡಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ. ಓದು ಮುಗಿದ ಮೇಲೆ ನಾನು ಈ ಕೆಲಸಕ್ಕೆ ಬಂದೆ, ಅವನು ಕೊಡ್ಲಿಪೇಟೆಯಲ್ಲಿ ಲೈಸೆನ್ಸ್ ತೆಗೆದು ವೈರಿಂಗ್ ಕಂಟ್ರ್ಯಾಕ್ಟರ್ ಆದ.

ಅವನು ಹಾಕಿದ ಮೊದಲ ಸ್ವಿಚ್ಚಿನ ಹಿಡಿ ಕಾಫಿ ಮರದ್ದಾಗಿತ್ತು. ಹಳೇ ಕಾಫಿ ಗಿಡದ ಬೊಡ್ಡೆ ಕಡೆದು, ನುಣ್ಣಗೆ ಉಜ್ಜಿ, ಎಣ್ಣೆ ಹಚ್ಚಿದ್ದ. ಇದೇನೋ ಎಂದು ಕೇಳಿದ್ದಕ್ಕೆ, ಪ್ಲಾಸ್ಟಿಕ್ ಹಿಡಿ ಒದ್ದೆ ಕೈಗೆ ಜಾರುತ್ತದೆ, ಚಳಿಗೆ ಸೀಳುತ್ತದೆ, ಇದಾದರೆ ಕೈಗೆ ಕೂರುತ್ತದೆ ಅಂದ. ಮುಂದಿನ ಮನೆಯಲ್ಲೂ ಅದೇ ಹಿಡಿ. ಅದರ ಮುಂದಿನದರಲ್ಲೂ. ನಾನು ಹಾಕುವುದೆಲ್ಲ ಹೀಗೇ ಕಣೇ ಎಂದ. ನನಗೆ ಹೆಮ್ಮೆಯಾಯಿತು. ನಮ್ಮೂರಿನ ಮಳೆಗೆ, ನಮ್ಮ ಕೈಗೆ ಹೊಂದುವ ಹಾಗೆ ಯೋಚನೆ ಮಾಡುವುದು ಅಂದರೆ ಇದು ಎಂದು ಕಾಲೇಜಿನ ಮಕ್ಕಳಿಗೆ ಹೇಳಿದ್ದು ಇದನ್ನೇ.

ನೋಡಲು ಹೋಗುವ ದಿನವನ್ನು ಅವನೇ ಗೊತ್ತು ಮಾಡುತ್ತಿದ್ದ. ಒಂದೇ ದಿನ ಎರಡು ಮನೆ ಮುಗಿಸೋಣ ಅಂದರೆ ಒಪ್ಪುತ್ತಿರಲಿಲ್ಲ. "ಬೇಡ ಕಣೇ, ಈ ಗುಡ್ಡ ಹತ್ತಿ ಇಳಿದು ನಿಂಗೆ ಸುಸ್ತಾಗುತ್ತೆ. ನಾಳಿದ್ದು ಮಾಡೋಣ, ಇವತ್ತು ಮನೇಗೆ ಬಾ, ಅಮ್ಮ ಕಡುಬು ಮಾಡಿದಾರೆ" ಎನ್ನುತ್ತಿದ್ದ. ನಾನು ಹೋಗಿ ಕಡುಬು ತಿಂದು ಬರುತ್ತಿದ್ದೆ. ಅವನ ತಾಯಿ ನನ್ನ ತಟ್ಟೆಗೆ ಬೆಣ್ಣೆ ಹಾಕುತ್ತಾ, ಇವನಿಗೆ ನೀನೊಬ್ಬಳು ಅಕ್ಕ ಇದ್ದ ಹಾಗೆ ಎನ್ನುತ್ತಿದ್ದರು.

ಇನ್ನು ಆ ದಿನದ ಮಾತಿಗೆ ಬರುತ್ತೇನೆ.

ಹಿಂದಿನ ದಿನದಿಂದ ಗಾಳಿ ಬಿಟ್ಟಿರಲಿಲ್ಲ. ಬೆಳಗ್ಗೆ ಎರಡು ಕಡೆಯಿಂದ ದೂರು. ಮಡಿಕೇರಿ ರಸ್ತೆಯ ಕಡೆ ದೊಡ್ಡ ಲೈನಿನ ಮೇಲೆ ಮರ ಬಿದ್ದಿದೆ. ಇನ್ನೊಂದು ಕಡೆ, ಒಂದು ಎಸ್ಟೇಟಿನ ಕೆಳಗಿನ ಇಳಿಜಾರಿನಲ್ಲಿ, ಮನೆಗಳಿಗೆ ಹೋಗುವ ಸಣ್ಣ ಲೈನಿನ ಒಂದು ತಂತಿ ತುಂಡಾಗಿ ಸಿಲ್ವರ್ ಮರದ ಕೊಂಬೆಗೆ ಸಿಕ್ಕಿ ನೇತಾಡುತ್ತಿದೆ. ನಮ್ಮಲ್ಲಿ ಸರಿಯಾಗಿದ್ದ ಡಿಸ್ಚಾರ್ಜ್ ರಾಡ್ ಒಂದೇ. ಅದು ಉದ್ದನೆಯ ಕೋಲು, ತುದಿಯಲ್ಲಿ ಕೊಕ್ಕೆ, ಕೊಕ್ಕೆಯಿಂದ ನೆಲಕ್ಕೆ ತಂತಿ. ಲೈನಿಗೆ ಅದನ್ನು ತಗುಲಿಸಿದರೆ, ಎಲ್ಲಿಂದಾದರೂ ಕರೆಂಟು ಬಂದರೂ ಮೈಗೆ ಹತ್ತದೆ ನೆಲಕ್ಕೆ ಇಳಿದುಹೋಗುತ್ತದೆ. ರಾಡ್ ಯಾವ ಕಡೆಗೆ ಕಳಿಸುವುದು ಎಂದು ನಾನು ನಿರ್ಧರಿಸಬೇಕಾಗಿತ್ತು. ದೊಡ್ಡ ಲೈನಿನ ಕಡೆಗೆ ಕಳಿಸಿದೆ. ಇಳಿಜಾರಿನ ಲೈನಿನಲ್ಲಿ ಜನರೇಟರ್ ಇದ್ದದ್ದು ಒಂದೇ ಹೋಂಸ್ಟೇಯಲ್ಲಿ. ಅಲ್ಲಿ ಕಾಫಿ ಮರದ ಹಿಡಿಯನ್ನು ನಾನೇ ಎಳೆದು ತಳ್ಳಿ ನೋಡಿ ಬಂದಿದ್ದೆ. ಲೈನ್‌ಮನ್ ಅಣ್ಣ ರಾಡ್ ಎಲ್ಲಿ ಎಂದು ಕೇಳಿದಾಗಲೂ ಅದನ್ನೇ ಹೇಳಿದೆ. ನೀವು ನೋಡಿದ್ದೀರಿ ಅಂದ ಮೇಲೆ ಸರಿ ಮೇಡಂ, ಅಂದರು ಅವರು.

ಆ ಅಣ್ಣ ನನಗಿಂತ ಬಹಳ ವರ್ಷ ಮುಂಚಿನಿಂದ ಈ ಗುಡ್ಡಗಳಲ್ಲಿ ಕಂಬ ಹತ್ತುತ್ತಿರುವವರು. ನಾನು ಹೊಸದಾಗಿ ಬಂದಾಗ ಹೆಂಗಸು ಆಫೀಸರ್ ಎಂದು ಅವರು ಮುಖ ಗಂಟು ಹಾಕಿಕೊಂಡವರಲ್ಲ. ಜೀಪು ಹೋಗದ ಕಡೆ ನನ್ನ ಮುಂದೆ ನಡೆದು ದಾರಿಯ ಜಿಗಣೆಗಳನ್ನೆಲ್ಲ ತಮ್ಮ ಕಾಲಿಗೆ ಹತ್ತಿಸಿಕೊಂಡವರು.

ಇಳಿಜಾರಿನಲ್ಲಿ ಮೊಬೈಲ್ ಸಿಗುವುದಿಲ್ಲ. ಟ್ರಾನ್ಸ್‌ಫಾರ್ಮರ್ ಇರುವ ದಿಣ್ಣೆಯ ಮೇಲೆ ಮಾತ್ರ ಸಿಗುತ್ತದೆ. ಅದಕ್ಕೆ ನಮ್ಮದೇ ಒಂದು ಏರ್ಪಾಡಿದೆ, ಯಾವ ಪುಸ್ತಕದಲ್ಲೂ ಇಲ್ಲದ್ದು. ದಿಣ್ಣೆಯ ಮೇಲೆ ಲೈನ್ ಆಫ್ ಮಾಡಿದವರು ಜೀಪಿನ ಹಾರ್ನ್ ಎರಡು ಸಲ ಉದ್ದಕ್ಕೆ ಒತ್ತುವುದು. ಕೆಳಗಿನವರು ಆಮೇಲೆ ಹತ್ತುವುದು. ಬಿಡದೆ ಒತ್ತಿದರೆ ಕೈ ತೆಗೆದು ಇಳಿ ಎಂದು ಅರ್ಥ. ಅದನ್ನು ಒತ್ತುವ ಸಂದರ್ಭ ಅಲ್ಲಿಯವರೆಗೆ ಬಂದಿರಲಿಲ್ಲ.

ನಾನು ಟ್ರಾನ್ಸ್‌ಫಾರ್ಮರಿನ ಸ್ವಿಚ್ ಆಫ್ ಮಾಡಿದೆ, ಫ್ಯೂಸ್‌ಗಳನ್ನು ಕಿತ್ತು ಜೀಪಿನ ಸೀಟಿನ ಮೇಲೆ ಇಟ್ಟುಕೊಂಡೆ. ಹಾರ್ನ್ ಎರಡು ಸಲ ಒತ್ತಿದೆ. ಕೆಳಗೆ ಅಣ್ಣ ಬೆಲ್ಟ್ ಬಿಗಿದುಕೊಂಡು ಕಂಬಕ್ಕೆ ಕಾಲಿಟ್ಟದ್ದು ಮರಗಳ ಸಂದಿಯಲ್ಲಿ ಕಂಡಿತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಆ ಇಳಿಜಾರಿನ ಕೊನೇ ಮನೆಯ ಅಜ್ಜಿ, ತಮ್ಮ ಹಳೇ ಲ್ಯಾಂಡ್‌ಲೈನಿನಿಂದ. ಕರೆಂಟು ಹೋದಾಗಲೆಲ್ಲ ನನ್ನ ಹಿಂದಿನ ತಲೆಮಾರನ್ನೂ ಮುಂದಿನ ತಲೆಮಾರನ್ನೂ ಸೇರಿಸಿ ಬೈಯುವುದು ಅವರ ಕ್ರಮ. ಬೈಗುಳಕ್ಕೆ ತಯಾರಾಗಿಯೇ ಫೋನ್ ಎತ್ತಿದೆ.

"ಬಂತು ಮಗಾ, ಕರೆಂಟ್ ಬಂತು. ಸ್ವಲ್ಪ ಮಂಕಾಗಿ ಉಂಟು, ಆದ್ರೂ ಅಡಿಗೆಮನೆ ಬಲ್ಬ್ ಹತ್ತಿತು. ಇಷ್ಟು ಬೇಗ ಯಾವತ್ತೂ ಕೊಟ್ಟಿರ್ಲಿಲ್ಲ ನೀವು. ನಿನ್ನ ಹೊಟ್ಟೆ ತಣ್ಣಗಿರ್ಲಿ."

ಫ್ಯೂಸ್‌ಗಳು ನನ್ನ ಪಕ್ಕದ ಸೀಟಿನ ಮೇಲೆ ಇದ್ದವು.

ಫೋನ್ ಎಲ್ಲಿ ಬಿತ್ತೋ ಗೊತ್ತಿಲ್ಲ. ಎರಡೂ ಅಂಗೈ ಹಾರ್ನಿನ ಮೇಲೆ ಒತ್ತಿ ಹಿಡಿದೆ. ಜೀಪಿನ ಬ್ಯಾಟರಿ ಹಳೆಯದು, ಒತ್ತಿದಷ್ಟೂ ಸದ್ದು ಸಣ್ಣಗಾಗುತ್ತಾ ಬರುತ್ತದೆ. ಸದ್ದು ನಿಲ್ಲುವುದರೊಳಗೆ ಅವರಿಗೆ ಕೇಳಿಸಲಿ ಎಂಬುದೊಂದೇ ತಲೆಯಲ್ಲಿತ್ತು. ಗಾಳಿ ಬೇರೆ ನನ್ನ ಎದುರಿಗೇ ಬೀಸುತ್ತಿತ್ತು. ಮರದ ಸಂದಿಯಲ್ಲಿ ಅಣ್ಣನ ಹಳದಿ ಹೆಲ್ಮೆಟ್ ಕಂಬದ ಮುಕ್ಕಾಲು ಎತ್ತರದಲ್ಲಿ ಇತ್ತು. ಅದು ನಿಂತಿತು. ಒಂದು ಕ್ಷಣ ದಿಣ್ಣೆಯ ಕಡೆ ತಿರುಗಿತು. ಆಮೇಲೆ ಇಳಿಯತೊಡಗಿತು.

ಅವರು ನೆಲ ಮುಟ್ಟಿದ್ದನ್ನು ನೋಡಿ ಕೈ ತೆಗೆದೆ.

ಕೆಳಗೆ ಇಳಿದು ಹೋದಾಗ ಅವರಿಗೆ ಏನಾಯಿತೆಂದು ಹೇಳಿದೆ. ಅವರು ಗ್ಲೌಸ್ ಕಳಚಿ ಬೆಲ್ಟಿಗೆ ಸಿಕ್ಕಿಸಿಕೊಂಡರು. ಇಬ್ಬರೂ ಹೋಂಸ್ಟೇಗೆ ನಡೆದೆವು. ದೂರದಿಂದಲೇ ಜನರೇಟರಿನ ಸದ್ದು ಕೇಳುತ್ತಿತ್ತು.

ಶೆಡ್ಡಿನ ಗೋಡೆಯಲ್ಲಿ ನಾನು ನೋಡಿದ್ದ ಜಾಗದಲ್ಲಿ ಸ್ವಿಚ್ಚಿರಲಿಲ್ಲ. ಮೂಲೆಗೊಂದರಂತೆ ಸ್ಕ್ರೂವಿನ ತೂತುಗಳಿದ್ದವು, ಪೆಟ್ಟಿಗೆ ಕೂತಿದ್ದಷ್ಟು ಅಗಲ ಗೋಡೆ ಬೆಳ್ಳಗಿತ್ತು. ಜನರೇಟರಿನಿಂದ ಒಂದು ಕೇಬಲ್ ಹೊರಟು ಅಡಿಗೆಮನೆಯ ಸಾಕೆಟ್ಟಿಗೆ ಸೇರಿತ್ತು. ಅದರ ಎರಡೂ ತುದಿಯಲ್ಲಿ ಪಿನ್ ಇರುವ ಪ್ಲಗ್. ಅಂಥದ್ದನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಗೊತ್ತಿದ್ದವರು ಕೂತು ಮಾಡಿಕೊಡಬೇಕು. ಪ್ಲಗ್ಗಿನ ಮುಚ್ಚಳ ಸೀಳಿತ್ತು, ಒಳಗೆ ವೈರನ್ನು ತಿರುಚಿ ಸ್ಕ್ರೂವಿಗೆ ಎಡದಿಂದ ಸುತ್ತಿದ ರೀತಿ ನಾನು ಕಾಲೇಜಿನಲ್ಲಿ ನಮ್ಮ ಲ್ಯಾಬ್ ಟೇಬಲ್ಲಿನ ಮೇಲೆ ವರ್ಷಗಟ್ಟಲೆ ನೋಡಿದ್ದೇ ಆಗಿತ್ತು.

ಹೋಂಸ್ಟೇ ನಡೆಸುವವರು ಒಳ್ಳೆಯ ಮನುಷ್ಯ. ರೂಮಿನಲ್ಲಿ ಗೆಸ್ಟ್ ಇದ್ದರು, ಗೀಸರ್ ಬೇಕಾಗಿತ್ತು, ಈಗಷ್ಟೇ ಸ್ಟಾರ್ಟ್ ಮಾಡಿದೆ, ಕೂತ್ಕೊಳ್ಳಿ ಮೇಡಂ, ಕಾಫಿ ತರಿಸ್ತೇನೆ ಅಂದರು. ಮೇನ್ ಸ್ವಿಚ್ ಆರಿಸಿದ್ದೀರಾ ಎಂದು ಕೇಳಿದೆ. ಯಾಕೆ ಆರಿಸಬೇಕು ಎಂದು ಅವರು ನಿಜಕ್ಕೂ ಗೊತ್ತಿಲ್ಲದೆ ಕೇಳಿದರು.

ನಾನು ವಾದ ಮಾಡಲಿಲ್ಲ. ಅವರನ್ನು ಜಗುಲಿಗೆ ಕರೆದುಕೊಂಡು ಹೋಗಿ ಇಳಿಜಾರಿನ ಆಚೆ ಅಜ್ಜಿಯ ಅಡಿಗೆಮನೆಯ ಕಿಟಕಿ ತೋರಿಸಿದೆ. ಮೋಡದ ಕತ್ತಲೆಯಲ್ಲಿ ಬಲ್ಬ್ ಚೆನ್ನಾಗಿ ಕಾಣುತ್ತಿತ್ತು. ಅಣ್ಣ ಶೆಡ್ಡಿಗೆ ಹೋಗಿ ಜನರೇಟರ್ ನಿಲ್ಲಿಸಿದರು. ಕಿಟಕಿ ಕತ್ತಲಾಯಿತು. ಸ್ವಲ್ಪ ಹೊತ್ತಿಗೆ ಅಜ್ಜಿ ಅಂಗಳಕ್ಕೆ ಬಂದು, ಕೊಟ್ಟ ಹಾಗೆ ಮಾಡಿ ಕಿತ್ತುಕೊಂಡರಲ್ಲ ಎಂದು ಕಂಬಗಳನ್ನು ನೋಡಿಕೊಂಡು ಬೈಯುವುದು ಇಲ್ಲಿಯವರೆಗೂ ಕೇಳಿಸಿತು.

"ಅವರ ಮನೆಗೂ ನಿಮಗೂ ನಡುವೆ ಇರೋ ಕಂಬದಲ್ಲಿ ಈ ಅಣ್ಣ ಇದ್ರು," ಅಂದೆ.

ಅವರು ಆ ಕಂಬದ ಕಡೆ ನೋಡಿದರು. ಕುರ್ಚಿ ಹಿಡಿದುಕೊಂಡು ಕೂತರು. ಆಮೇಲೆ ಹೇಳಿದರು, "ಮೇಡಂ, ಆ ಸ್ವಿಚ್ ನೀವು ನೋಡಿ ಹೋದ ಮರುದಿನವೇ ನಿಮ್ಮ ಫ್ರೆಂಡ್ ಬಿಚ್ಚಿಕೊಂಡು ಹೋದರು. ಅದು ನೋಡೋಕೆ ಮಾತ್ರ ಇಡೋದು, ಮಳೇಲಿ ಶೆಡ್ಡಿಗೆ ಓಡಾಡೋದು ನಿಮಗೂ ತೊಂದರೆ ಅಂತ ಹೇಳಿ ಈ ಕೇಬಲ್ ಮಾಡಿಕೊಟ್ಟರು. ಮೇಡಂ ಏನಾದ್ರೂ ಅಂತಾರಾ ಅಂತ ನಾನು ಕೇಳಿದೆ. ಅವರಿಗೂ ಗೊತ್ತು ಅಂದ್ರು."

ಲೈನ್‌ಮನ್ ಅಣ್ಣ ಶೆಡ್ಡಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಆ ಮಾತು ಅವರಿಗೂ ಕೇಳಿಸಿತ್ತು. ಅವರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಉತ್ತರ ಕೊಡಬಹುದಿತ್ತು. ನೋಡಿ, ಮತ್ತೆ ನೆಲ ನೋಡಿದರು. ನನಗೆ ಗೊತ್ತಿರಲಿಲ್ಲ ಅಣ್ಣ ಎಂದು ಹೇಳಿದೆ. ನೀವು ಯಾಕೆ ಹೇಳ್ತೀರಿ ಮೇಡಂ ಅಂದರು. ಅದರ ಅರ್ಥವನ್ನು ನಾನು ಇವತ್ತಿನವರೆಗೂ ಹುಡುಕುತ್ತಿದ್ದೇನೆ.

ಮರುದಿನ ಅವನು ಕೆಲಸ ಮಾಡಿದ ಮನೆಗಳಿಗೆಲ್ಲ, ಯಾರಿಗೂ ಹೇಳದೆ, ಒಂದೇ ದಿನ ಹೋದೆ. ಎಲ್ಲ ಕಡೆಯೂ ಅದೇ ತೂತುಗಳು, ಅದೇ ಬಿಳಿ ಜಾಗ, ಅದೇ ಎರಡು ಬಾಯಿಯ ಕೇಬಲ್. ಕೊನೇ ಮನೆಯೊಂದರಲ್ಲಿ ಮಾತ್ರ ಸ್ವಿಚ್ ಇತ್ತು. ಅವರು ಈ ಮಳೆಯಲ್ಲಿ ಹೊಸದಾಗಿ ಜನರೇಟರ್ ತಂದವರು, ಅಲ್ಲಿಗೆ ನಾನು ನೋಡಲು ಹೋಗಬೇಕಾಗಿದ್ದದ್ದು ಮಾರನೇ ದಿನ. ಕಾಫಿ ಮರದ ಹಿಡಿ ಎಷ್ಟೋ ಕೈ ಬಿದ್ದು ಇನ್ನೂ ನುಣ್ಣಗಾಗಿತ್ತು. ಆ ಕೈಗಳಲ್ಲಿ ಹೆಚ್ಚಿನವು ನನ್ನವೇ. ಅವನು ಮಾಡಿದ್ದು ಅದೊಂದೇ ಹಿಡಿ. ಇದ್ದದ್ದು ಅದೊಂದೇ ಸ್ವಿಚ್. ನಾನು ಹೋಗುವ ಮನೆಗೆ ಅದು ನನಗಿಂತ ಒಂದು ದಿನ ಮೊದಲು ಹೋಗುತ್ತಿತ್ತು. ಒಂದೇ ದಿನ ಎರಡು ಮನೆ ಬೇಡ, ನಿನಗೆ ಸುಸ್ತಾಗುತ್ತದೆ ಎಂಬ ಮಾತು ಆಗ ನೆನಪಾಯಿತು. ಕಡುಬೂ ನೆನಪಾಯಿತು. ಅವನ ತಾಯಿಗೆ ಇದೇನೂ ಗೊತ್ತಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಕೊಡ್ಲಿಪೇಟೆಯ ಅವನ ಅಂಗಡಿಗೆ ಹೋದೆ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಗಿರಾಕಿಯನ್ನು ಕಳಿಸಿ ಸ್ಟೂಲ್ ಮುಂದಿಟ್ಟ. ನಾನು ಕೂರಲಿಲ್ಲ. ಜನ ಕೇಳಿದ್ದನ್ನು ಕೊಟ್ಟೆ, ಈ ಮಳೆಯಲ್ಲಿ ಶೆಡ್ಡಿಗೆ ಹೋಗಿ ಹಿಡಿ ಎಳೆಯಲು ಯಾರಿಗೂ ಮನಸ್ಸಿಲ್ಲ, ನಾನು ಒಲ್ಲೆ ಅಂದರೆ ಇನ್ನೊಬ್ಬ ಮಾಡಿಕೊಡುತ್ತಾನೆ, ಮೇನ್ ಆರಿಸಿ ಸ್ಟಾರ್ಟ್ ಮಾಡಿ ಎಂದು ಎಲ್ಲರಿಗೂ ಹೇಳಿದ್ದೇನೆ ಎಂದ. ಹೇಳಿದ್ದಾನೋ ಇಲ್ಲವೋ, ಹೋಂಸ್ಟೇಯವರಿಗಂತೂ ಅದು ತಲುಪಿರಲಿಲ್ಲ.

"ಅದೆಲ್ಲ ಇರ್ಲಿ. ನಂಗೂ ಗೊತ್ತು ಅಂತ ಯಾಕೆ ಹೇಳ್ದೆ?"

ಅವನು ಟೆಸ್ಟರಿನ ಕ್ಯಾಪ್ ತಿರುಗಿಸಿ ಬಿಗಿ ಮಾಡಿದ.

"ನಿನ್ನ ಹೆಸರು ಹೇಳಿದ್ರೆ ಜನ ಮತ್ತೆ ಪ್ರಶ್ನೆ ಕೇಳಲ್ಲ ಕಣೇ," ಅಂದ. "ಈ ಕಡೆ ನಿನ್ನ ಮಾತಿಗೆ ಅಷ್ಟು ಬೆಲೆ ಐತೆ."

ಹೊಗಳುವ ಹಾಗೆಯೇ ಹೇಳಿದ. ಈ ಒಂದು ಸಲ ನೋಡಿಯೂ ನೋಡದ ಹಾಗೆ ಇರು, ಎಲ್ಲ ಮನೆಗೂ ಹೊಸ ಸ್ವಿಚ್ ಹಾಕಿ ಮುಗಿಸುತ್ತೇನೆ, ಲೈಸೆನ್ಸ್ ಹೋದರೆ ನಾನು ಬೀದಿಗೆ ಬೀಳುತ್ತೇನೆ ಎಂದು ಕೇಳಿಕೊಂಡ. ನಮ್ಮ ಲ್ಯಾಬ್ ಟೇಬಲ್ಲನ್ನು ನೆನಪಿಸಿದ. ಅದನ್ನು ನೆನಪಿಸದಿದ್ದರೆ ನಾನು ಸ್ವಲ್ಪ ಮೆತ್ತಗಾಗುತ್ತಿದ್ದೆನೋ ಏನೋ.

ಮಡಿಕೇರಿಯಲ್ಲಿ ನನ್ನ ಮೇಲಧಿಕಾರಿಗಳೂ ಬೇರೆ ಮಾತಾಡಲಿಲ್ಲ. ಸ್ವಿಚ್ ಇದೆ ಎಂದು ಒಪ್ಪಿಗೆ ಕೊಟ್ಟವಳು ನೀನೇ ಅಲ್ಲವಾ, ಅವನ ಮೇಲೆ ಬರೆದರೆ ಮೊದಲು ನಿನ್ನನ್ನೇ ಕೇಳುತ್ತಾರೆ, ಒಳಗೊಳಗೇ ಸರಿ ಮಾಡಿಸು ಎಂದರು. ಕೆಟ್ಟ ಬುದ್ಧಿಯಿಂದ ಹೇಳಿದ್ದಲ್ಲ, ನನ್ನ ಮೇಲಿನ ಕರುಣೆಯಿಂದಲೇ ಹೇಳಿದ್ದು. ನಾನು ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ತಲೆ ಒರಗಿಸಿಕೊಂಡು, ಅಣ್ಣನ ಹೆಲ್ಮೆಟ್ ಕಂಬದ ಮುಕ್ಕಾಲಿನಲ್ಲಿ ನಿಂತದ್ದನ್ನೇ ನೋಡುತ್ತಿದ್ದೆ. ಒಳಗೊಳಗೆ ಸರಿ ಮಾಡಿಸಿದರೆ, ಮೇಡಂಗೂ ಗೊತ್ತು ಎಂದು ಅವನು ಜನರಿಗೆ ಹೇಳಿದ್ದು ಅವತ್ತಿನಿಂದ ನಿಜವಾಗುತ್ತದೆ. ಅಷ್ಟು ಹೊಳೆದ ಮೇಲೆ ಯೋಚನೆ ಮಾಡಲು ಏನೂ ಉಳಿಯಲಿಲ್ಲ.

ಆ ಮನೆಗಳ ಕನೆಕ್ಷನ್‌ಗಳನ್ನು ಕಂಬದಲ್ಲೇ ತೆಗೆಸಿದೆ. ಬೇರೆಯವರಿಂದ ಸ್ವಿಚ್ ಹಾಕಿಸಿ ತೋರಿಸಿದ ಮೇಲೆ ಕೊಡುತ್ತೇನೆ ಅಂದೆ. ಅವನ ಮೇಲೆ ಬರೆದೆ, ನಾನು ಒಪ್ಪಿಗೆ ಕೊಟ್ಟದ್ದನ್ನೂ ಅದರಲ್ಲೇ ಬರೆದೆ. ಹೋಂಸ್ಟೇಯವರಲ್ಲಿ ಕೆಲವರು ಗೆಸ್ಟುಗಳನ್ನು ವಾಪಸ್ ಕಳಿಸಬೇಕಾಯಿತು. ಸಂತೆಯಲ್ಲಿ ನನ್ನ ಕಡೆ ತಿರುಗಿ ನಗುತ್ತಿದ್ದವರು ಈಗ ತರಕಾರಿ ನೋಡುತ್ತಾರೆ. ಅವನು ಊಟ ಹಾಕಿದ, ಅವಳು ಅದೇ ಕೈ ಕಚ್ಚಿದಳು ಎಂದು ಕೊಡ್ಲಿಪೇಟೆಯಲ್ಲಿ ಮಾತಾಗಿದೆಯಂತೆ. ವಿಚಾರಣೆ ಇಬ್ಬರ ಮೇಲೂ ನಡೆಯುತ್ತಿದೆ. ಏನಾಗುತ್ತದೋ ಆಗಲಿ.

ಕಾಲೇಜಿಗೆ ಈ ಸಲವೂ ಹೋದೆ. ಹಳೆಯ ಪಾಠ ಹೇಳಲಿಲ್ಲ. ಜೊತೆಗಾರರು ನೋಡಿದ್ದೀನಿ ಅಂದರೂ ನೀವೂ ಒಂದು ಸಲ ವೈರ್ ಹಿಡಿದು ನೋಡಿ ಅಂದೆ. ತಪಾಸಣೆಗೆ ಅವರು ಕರೆದ ದಿನ ಹೋಗಬೇಡಿ, ಮಳೆ ಬರುವ ದಿನ ಹೋಗಿ ಅಂದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಕೆಲಸ ಯಾಕೆ ಎಂಬುದನ್ನು ಆ ಮನೆಯವರಿಗೆ ಅವರ ಮಾತಿನಲ್ಲಿ ಹೇಳಲು ಈಗಲೇ ಕಲಿಯಿರಿ ಅಂದೆ. ನಾನು ಅಷ್ಟು ಮನೆಗಳಿಗೆ ಹೋಗಿ ಹಿಡಿ ಎಳೆದು ತಳ್ಳಿದ್ದೆ, ಮಾತಾಡಿದ್ದು ಮಾತ್ರ ನನ್ನ ಸ್ನೇಹಿತನ ಜೊತೆ. ಕಂಬದ ಮೇಲೆ ಒಬ್ಬರು ಇರುತ್ತಾರೆ ಎಂದು ಹೋಂಸ್ಟೇಯವರಿಗೆ ಮೊದಲೇ ಹೇಳಿದ್ದರೆ, ಆ ಸ್ವಿಚ್ಚನ್ನು ಬಿಚ್ಚಲು ಅವರೇ ಬಿಡುತ್ತಿರಲಿಲ್ಲ. ಒಬ್ಬ ಹುಡುಗಿ ಎದ್ದು ನಿಂತು, ಹಾಗಾದರೆ ಲ್ಯಾಬ್ ಜೊತೆಗಾರರನ್ನೂ ನಂಬಬಾರದಾ ಮೇಡಂ ಎಂದು ಕೇಳಿದಳು. ಅವಳ ಪಕ್ಕದಲ್ಲಿ ಕೂತಿದ್ದವನು ತಲೆ ತಗ್ಗಿಸಿ ನಗುತ್ತಿದ್ದ. ನಾನು ಅವನ ಮುಖ ನೋಡಿದೆ, ಅವಳ ಮುಖ ನೋಡಿದೆ, ಮುಂದಿನ ಪ್ರಶ್ನೆ ತೆಗೆದುಕೊಂಡೆ.

ಹೋದ ವಾರ ಮತ್ತೆ ಒಂದು ಕಡೆ ತಂತಿ ತುಂಡಾಗಿತ್ತು. ಈಗ ನಮ್ಮಲ್ಲಿ ತಂಡಕ್ಕೊಂದು ರಾಡ್ ಇದೆ, ಮೇಲಿನವರ ಜೊತೆ ಜಗಳ ಆಡಿ ತರಿಸಿದೆ. ನಾನು ದಿಣ್ಣೆಯ ಮೇಲೆ ಲೈನ್ ಆಫ್ ಮಾಡಿ ಹಾರ್ನ್ ಎರಡು ಸಲ ಒತ್ತಿದೆ. ಕೆಳಗೆ ಹಳದಿ ಹೆಲ್ಮೆಟ್ ಅಲ್ಲಾಡಲಿಲ್ಲ. ಅಣ್ಣ ಮೇಲೆ ನೋಡಿದರು, ಪಕ್ಕದಿಂದ ರಾಡ್ ಎತ್ತಿಕೊಂಡು ತಂತಿಗೆ ತಗುಲಿಸಿದರು, ಸ್ವಲ್ಪ ಹೊತ್ತು ಹಾಗೇ ನಿಂತರು, ಆಮೇಲೆ ಕಂಬ ಹತ್ತಿದರು. ಕೆಲಸ ಮುಗಿದ ಮೇಲೆ ಜೀಪಿನ ಹತ್ತಿರ ಬಂದು, "ಮೇಡಂ, ತಪ್ಪು ತಿಳ್ಕೋಬೇಡಿ" ಅಂದರು.

"ಇಲ್ಲ ಅಣ್ಣ, ಅದೇ ಸರಿ" ಅಂದೆ. ಅದೇ ಸರಿ. ಮಕ್ಕಳಿಗೂ ಅದನ್ನೇ ಹೇಳಿ ಬಂದಿದ್ದೆ.

ಮೊದಲೆಲ್ಲ ಎರಡನೇ ಹಾರ್ನ್ ಮುಗಿಯುವ ಮುಂಚೆಯೇ ಅವರ ಕಾಲು ಕಂಬದ ಮೇಲಿರುತ್ತಿತ್ತು.